ಮಾಯದ ಅಂಗಾಲಿನ ಹುಣ್ಣು: ಒಂದು ಅರೆಸತ್ಯದ ವಿಮರ್ಶೆ

"ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯ ಮಾಯುವುದಿಲ್ಲ." ಈ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಆರೋಗ್ಯ ಶಿಬಿರದ ಭಾಷಣದಲ್ಲಿ, ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲಿ, ಪತ್ರಿಕೆಗಳ ಆರೋಗ್ಯ ಅಂಕಣದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಜೀವವಿಜ್ಞಾನದ ಪಾಠ ಮಾಡುವಾಗ ನಾವು ಅಧ್ಯಾಪಕರೂ ಇದನ್ನೇ ಹೇಳಿ ಮುಂದೆ ಹೋಗುತ್ತೇವೆ. ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಯಾವುದೇ ಹೇಳಿಕೆಯನ್ನು ಒಪ್ಪುವ ಮೊದಲು ಪರೀಕ್ಷಿಸಬೇಕು ಎಂದು ಕಲಿತವರು. ಈ ಹೇಳಿಕೆಯನ್ನೂ ಹಾಗೆಯೇ ಪರೀಕ್ಷಿಸೋಣ.

ಪರೀಕ್ಷಿಸಲು ಕಾರಣವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ ಸುಮಾರು 10 ಕೋಟಿ ಮಂದಿ ಮಧುಮೇಹಿಗಳಿದ್ದಾರೆ. ಮಧುಮೇಹಿಗಳಲ್ಲಿ ಶೇಕಡಾ 19ರಿಂದ 34ರಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣು ಆಗಬಹುದೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಮಧುಮೇಹದಿಂದ ಬೆರಳು ಅಥವಾ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಣ್ಣದೊಂದು ಹುಣ್ಣಿನಿಂದಲೇ ಶುರುವಾದವು. ಹುಣ್ಣಿನ ಬಗ್ಗೆ ನಾವು ಏನು ಹೇಳುತ್ತೇವೆ ಎಂಬುದು ಹಾಗಾಗಿ ಬರೀ ಮಾತಿನ ವಿಷಯವಲ್ಲ. ಅರಸೀಕೆರೆಯ ತೆಂಗಿನ ತೋಟದಲ್ಲಿ ಬರಿಗಾಲಲ್ಲಿ ದುಡಿಯುವವರ, ಬೇಲೂರು-ಹಳೇಬೀಡುಗಳ ಕಲ್ಲಿನಂಗಳದಲ್ಲಿ ಬರಿಗಾಲಲ್ಲಿ ಸುತ್ತುವವರ ಕಾಲು ಉಳಿಯುವ ಪ್ರಶ್ನೆ ಅದು.

ನಾನು ಭೌತವಿಜ್ಞಾನದ ಅಧ್ಯಾಪಕ, ವೈದ್ಯನಲ್ಲ. ಆದರೆ ಈ ಹೇಳಿಕೆಯಲ್ಲಿ ಬಿಟ್ಟುಹೋಗಿರುವ ಭಾಗ ಭೌತವಿಜ್ಞಾನದ್ದು. ಆದ್ದರಿಂದ ಈ ವಿಮರ್ಶೆ.

ಹೇಳುವುದೇನು, ಬಿಡುವುದೇನು?

ಜನಪ್ರಿಯ ವಿವರಣೆ ಸಾಮಾನ್ಯವಾಗಿ ಹೀಗಿರುತ್ತದೆ: ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಬಿಳಿ ರಕ್ತಕಣಗಳ ಚುರುಕು ತಗ್ಗುತ್ತದೆ, ರೋಗಾಣುಗಳು ಬೆಳೆಯುತ್ತವೆ, ರಕ್ತನಾಳಗಳು ಕಿರಿದಾಗುತ್ತವೆ, ಆದ್ದರಿಂದ ಗಾಯ ಮಾಯುವುದಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಸಕ್ಕರೆಯ ಹತೋಟಿ ತಪ್ಪಿದಾಗ ಸೋಂಕಿನ ಅಪಾಯ ಹೆಚ್ಚುವುದು ನಿಜ, ಮಾಯುವಿಕೆ ನಿಧಾನವಾಗುವುದೂ ನಿಜ.

ಆದರೆ ಒಂದು ವಿವರಣೆ ಸರಿಯೋ ಅಲ್ಲವೋ ಎಂದು ತಿಳಿಯಲು ಅದು ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಬೇಕು. ಮೊದಲ ಪ್ರಶ್ನೆ: ಅದೇ ವ್ಯಕ್ತಿಯ ಕೈಬೆರಳಿಗೆ ಈಳಿಗೆಮಣೆ ತಾಗಿ ಆದ ಗಾಯ, ತುಸು ತಡವಾದರೂ, ಸಾಮಾನ್ಯವಾಗಿ ಮಾಯುತ್ತದೆ. ಕೈಗೂ ಕಾಲಿಗೂ ಹರಿಯುವುದು ಒಂದೇ ಸಕ್ಕರೆಯ ರಕ್ತ. ಹಾಗಿದ್ದರೆ ಕಾಲಿನದು ಮಾತ್ರ ತಿಂಗಳುಗಟ್ಟಲೆ ಏಕೆ ಉಳಿಯುತ್ತದೆ? ಎರಡನೆಯ ಪ್ರಶ್ನೆ: ಪಾದದಲ್ಲಾದರೂ ಹುಣ್ಣು ಎಲ್ಲೆಂದರಲ್ಲಿ ಏಳುವುದಿಲ್ಲ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಬೆರಳಿನ ತುದಿ, ಹಿಮ್ಮಡಿ, ಇವೇ ಅದರ ಮೆಚ್ಚಿನ ಜಾಗಗಳು. ಅಂಗಾಲಿನ ನಡುವಿನ ಕಮಾನಿನಂಥ ಭಾಗದಲ್ಲಿ, ಮೂಳೆಗಳ ಜೋಡಣೆ ಕುಸಿಯದ ಹೊರತು, ಅದು ಅಪರೂಪ. ರಕ್ತದ ಸಕ್ಕರೆಗೆ ಹೆಬ್ಬೆರಳ ಬುಡದ ಮೇಲೆ ವಿಶೇಷ ಸಿಟ್ಟೇನು?

ಸಕ್ಕರೆ ಮತ್ತು ರೋಗಾಣು ಎಂಬ ಎರಡೇ ಪಾತ್ರಗಳ ಕಥೆಯಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲ. ನೆಲಕ್ಕೆ ಹೆಚ್ಚು ಒತ್ತುವ ಜಾಗಗಳ ನಕ್ಷೆಯನ್ನೂ ಹುಣ್ಣು ಏಳುವ ಜಾಗಗಳ ನಕ್ಷೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಎರಡೂ ಬಹುಮಟ್ಟಿಗೆ ಒಂದೇ.

ವೆಲ್ಲೂರಿನಿಂದ ಬಂದ ಉತ್ತರ

ಈ ಉತ್ತರ ಸಿಕ್ಕಿದ್ದು ನಮ್ಮ ನೆರೆಯಲ್ಲೇ, ಅದೂ ಬೇರೊಂದು ಕಾಯಿಲೆಯ ಅಧ್ಯಯನದಲ್ಲಿ. ಕುಷ್ಠರೋಗಿಗಳ ಅಂಗಾಲಿನಲ್ಲೂ ಇಂಥದೇ ಹುಣ್ಣುಗಳಾಗುತ್ತವೆ. ಕುಷ್ಠ ಮಾಂಸವನ್ನೇ ತಿನ್ನುತ್ತದೆ, ಆ ಮಾಂಸ ಕೆಟ್ಟದ್ದು, ಅದು ಮಾಯುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಆದರೆ 1930ರ ದಶಕದಲ್ಲೇ ಮದ್ರಾಸಿನಲ್ಲಿ ಜೋಸೆಫ್ ಖಾನ್, ಸಿಲೋನಿನಲ್ಲಿ ಮಿಲ್ರಾಯ್ ಪಾಲ್ ಎಂಬ ವೈದ್ಯರು ಇಂಥ ಕಾಲಿಗೆ ಪ್ಲಾಸ್ಟರ್ ಕಟ್ಟಿ ಹುಣ್ಣು ಮಾಯುವುದನ್ನು ಕಂಡಿದ್ದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ (1914-2003) ಈ ವಿಷಯವನ್ನು ವರ್ಷಗಳ ಕಾಲ ಬೆನ್ನುಹತ್ತಿದರು. ಬ್ರಾಂಡ್ ಹುಟ್ಟಿದ್ದೂ ತಮಿಳುನಾಡಿನ ಕೊಲ್ಲಿಮಲೆಯಲ್ಲಿ.

ಅವರು ಕಂಡುಕೊಂಡದ್ದು ಇಷ್ಟು: ಕುಷ್ಠದ ಬ್ಯಾಕ್ಟೀರಿಯ ನರಗಳನ್ನು ಹಾಳುಮಾಡುತ್ತದೆ, ನೋವು ತಿಳಿಯದಂತಾಗುತ್ತದೆ. ನೋವು ತಿಳಿಯದ ಕಾಲನ್ನು ಅದರ ಒಡೆಯನೇ, ಅರಿವಿಲ್ಲದೆ, ದಿನವೂ ಜಜ್ಜುತ್ತಾನೆ. ಜಜ್ಜುವುದನ್ನು ನಿಲ್ಲಿಸಿದರೆ ಅದೇ 'ಕೆಟ್ಟ' ಮಾಂಸ ಚೆನ್ನಾಗಿಯೇ ಮಾಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಕಾರ್ವಿಲ್‌ಗೆ ಹೋದ ಬ್ರಾಂಡ್ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಮಧುಮೇಹದಲ್ಲೂ ನರಹಾನಿಯಾಗುತ್ತದೆ, ಅದು ಸಾಮಾನ್ಯವಾಗಿ ದೇಹದ ಅತಿ ಉದ್ದದ ನರಗಳ ತುದಿಯಲ್ಲಿ, ಅಂದರೆ ಪಾದದಲ್ಲಿ, ಶುರುವಾಗುತ್ತದೆ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೈಗೆ ಪೆಟ್ಟಾದರೆ ನೋಯುತ್ತದೆ, ನೀವು ಅದನ್ನು ಬಳಸುವುದಿಲ್ಲ; ಮೇಲಾಗಿ ಕೈಮೇಲೆ ಯಾರೂ ನಡೆಯುವುದಿಲ್ಲ.

ಇದು ಬರೀ ತರ್ಕವಲ್ಲ, ಪ್ರಯೋಗದಿಂದ ದೃಢಪಟ್ಟದ್ದು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಗಾಲಿನ ಹುಣ್ಣಿದ್ದ ಮಧುಮೇಹಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪಾದ ಮತ್ತು ಮೀನಖಂಡಕ್ಕೆ ಪೂರ್ತಿ ಅಂಟಿಕೊಳ್ಳುವಂಥ ಪ್ಲಾಸ್ಟರ್ ಕವಚ. ಇನ್ನೊಂದಕ್ಕೆ ವಾಡಿಕೆಯ ಡ್ರೆಸಿಂಗ್. ಕವಚ ತೊಟ್ಟ 21 ಮಂದಿಯಲ್ಲಿ 19 ಮಂದಿಯ ಹುಣ್ಣು ಸರಾಸರಿ 42 ದಿನಗಳಲ್ಲಿ ಮಾಯಿತು. ಡ್ರೆಸಿಂಗ್ ಪಡೆದ 19 ಮಂದಿಯಲ್ಲಿ ಮಾಯಿದ್ದು 6 ಮಂದಿಗೆ ಮಾತ್ರ. ಎರಡೂ ಗುಂಪಿನವರಿಗೆ ಸಕ್ಕರೆ ಕಾಯಿಲೆ ಇತ್ತೆಂಬುದನ್ನು ಗಮನಿಸಿ. "ಮಾಯುವುದಿಲ್ಲ" ಎಂಬ ಹೇಳಿಕೆ ಇಲ್ಲಿ ಬಿದ್ದುಹೋಗುತ್ತದೆ.

ಒಂದು ಸರಳ ಲೆಕ್ಕ

ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು. ಪ್ರೌಢಶಾಲೆಯಲ್ಲಿ ಇದಕ್ಕೆ ಮೊಳೆಯ ಚೂಪು ತುದಿ, ಶಾಲಾ ಚೀಲದ ಅಗಲ ಪಟ್ಟಿ, ಒಂಟೆಯ ಪಾದ ಎಂಬ ಉದಾಹರಣೆಗಳನ್ನು ಕೊಡುತ್ತೇವೆ. ಮಕ್ಕಳ ಸ್ವಂತ ಪಾದದ ಲೆಕ್ಕ ಮಾತ್ರ ಬರುವುದು ಕಡಿಮೆ. ಈಗ ಮಾಡೋಣ.

60 ಕಿಲೋಗ್ರಾಂ ತೂಕದವರ ಭಾರ ಸುಮಾರು 600 ನ್ಯೂಟನ್. ಎರಡೂ ಪಾದ ನೆಲಕ್ಕೆ ತಾಗುವ ಒಟ್ಟು ವಿಸ್ತೀರ್ಣ 200 ಚದರ ಸೆಂಟಿಮೀಟರ್ ಎಂದು ಹಿಡಿದರೆ, ಸುಮ್ಮನೆ ನಿಂತಾಗ ಸರಾಸರಿ ಒತ್ತಡ 30 ಕಿಲೋಪಾಸ್ಕಲ್. ನಡೆಯುವಾಗ ಹೆಜ್ಜೆ ಎತ್ತುವ ಗಳಿಗೆಯಲ್ಲಿ ಇಡೀ ಭಾರ, ಜೊತೆಗೆ ದೇಹವನ್ನು ಮುಂದೆ ನೂಕುವ ಬಲ, ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. 660 ನ್ಯೂಟನ್ ಬಲ 40 ಚದರ ಸೆಂಟಿಮೀಟರಿನ ಮೇಲೆ ಎಂದರೆ 165 ಕಿಲೋಪಾಸ್ಕಲ್. ಅದರಲ್ಲಿ ಮೂರನೇ ಒಂದು ಪಾಲು ಹೆಬ್ಬೆರಳ ಬುಡದ ಮೂಳೆಯ ಕೆಳಗಿನ 5 ಚದರ ಸೆಂಟಿಮೀಟರಿನ ಮೇಲೆ ಬಿತ್ತೆನ್ನಿ. ಅಲ್ಲಿನ ಒತ್ತಡ 440 ಕಿಲೋಪಾಸ್ಕಲ್. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸ, ಅಂದರೆ 4 ಕಿಲೋಪಾಸ್ಕಲ್‌ಗಿಂತ ತುಸು ಹೆಚ್ಚು. ಹೊರಗಿನ ಒತ್ತಡವನ್ನು ಕೊಬ್ಬು, ನಾರು, ಮೂಳೆಗಳು ಹಂಚಿಕೊಳ್ಳುವುದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೂ ಅಳತೆಯ ಅಂತರವನ್ನು ನೋಡಿ. ಹೆಜ್ಜೆ ಊರಿದಷ್ಟು ಹೊತ್ತು ಆ ಜಾಗಕ್ಕೆ ರಕ್ತ ಹರಿಯುವುದು ಕಷ್ಟ.

ಹಾಗಾದರೆ ನಮಗೆಲ್ಲ ಹುಣ್ಣು ಏಕಾಗುವುದಿಲ್ಲ? ಹೆಜ್ಜೆ ಎತ್ತಿದೊಡನೆ ರಕ್ತ ಮತ್ತೆ ಹರಿಯುತ್ತದೆ, ಮೊದಲನೆಯ ಉತ್ತರ. ಎರಡನೆಯದು ನೋವು. ಬಹಳ ದೂರ ನಡೆದು ಒಂದು ಜಾಗ ಉರಿಯತೊಡಗಿದರೆ ನಾವು ಅರಿವಿಲ್ಲದೆಯೇ ಭಾರವನ್ನು ಪಕ್ಕಕ್ಕೆ ಸರಿಸುತ್ತೇವೆ, ಸಣ್ಣಗೆ ಕುಂಟುತ್ತೇವೆ, ಕೊನೆಗೆ ಕೂರುತ್ತೇವೆ. ಪ್ರಾಣಿಗಳ ಪಾದದ ಮೇಲೆ ಮಾಡಿದ ಪ್ರಯೋಗಗಳಿಂದ ಬ್ರಾಂಡ್ ತೋರಿಸಿದ್ದು ಇದನ್ನೇ. ಒಮ್ಮೆ ಬಿದ್ದರೆ ಏನೂ ಮಾಡದ ಸಾಧಾರಣ ಒತ್ತಡ, ಅದೇ ಜಾಗದಲ್ಲಿ ದಿನಕ್ಕೆ ಸಾವಿರಾರು ಬಾರಿ, ದಿನ ಬಿಡದೆ ಬಿದ್ದರೆ ಅಂಗಾಂಶ ಊದಿಕೊಂಡು ಕೊನೆಗೆ ಒಡೆಯುತ್ತದೆ. ನರಹಾನಿಯಾದ ಪಾದದಲ್ಲಿ ಈ ನಿಯಂತ್ರಣವಿಲ್ಲ. ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಆ ಜಡ್ಡು ಚಪ್ಪಲಿಯೊಳಗೆ ಸಿಕ್ಕಿದ ಹರಳಿನಂತೆ ಒತ್ತಡವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಜಡ್ಡನ್ನು ತಜ್ಞರು ಹೆರೆದು ತೆಗೆದರೆ ಆ ಜಾಗದ ಗರಿಷ್ಠ ಒತ್ತಡ ಸುಮಾರು ಕಾಲು ಭಾಗ ಇಳಿಯುತ್ತದೆಂದು ಅಳೆದು ನೋಡಿದ್ದಾರೆ. ಜಡ್ಡಿನ ಕೆಳಗೆ ರಕ್ತ ಒಸರಿ, ಒಂದು ದಿನ ಅದು ಬಾಯಿಬಿಟ್ಟಾಗ ನಾವು "ಹುಣ್ಣಾಯಿತು" ಎನ್ನುತ್ತೇವೆ. ಅದು ಶುರುವಾಗಿ ಆಗಲೇ ವಾರಗಳು ಕಳೆದಿರುತ್ತವೆ.

ಬೇಲೂರು, ಹಳೇಬೀಡಿನ ಗುಡಿಗಳ ತಳಪಟ್ಟಿಯಲ್ಲಿ ಶಿಲ್ಪಿಗಳು ಆನೆಗಳ ಸಾಲನ್ನು ಕಡೆದಿದ್ದಾರೆ. ಇಡೀ ಗೋಡೆಯ ಭಾರ ಹೊರುವ ಜಾಗಕ್ಕೆ ಆನೆಯೇ ಸರಿ ಎಂಬ ಭಾವ. ನಿಜವಾದ ಆನೆಯ ಪಾದದಲ್ಲಿ ಬೆರಳುಗಳ ಹಿಂದೆ ಕೊಬ್ಬು ಮತ್ತು ನಾರಿನ ದಪ್ಪ ಮೆತ್ತೆಯಿದೆ. ಟನ್ನುಗಟ್ಟಲೆ ಭಾರವನ್ನು ಅದು ಇಡೀ ಪಾದಕ್ಕೆ ಹಂಚುತ್ತದೆ. ಮಧುಮೇಹಿಯ ಪಾದದಲ್ಲಿ ನಡೆಯುವುದು ಇದರ ವಿರುದ್ಧ. ಸಣ್ಣ ಸ್ನಾಯುಗಳು ಸೊರಗಿ, ಬೆರಳುಗಳು ಕೊಕ್ಕೆಯಂತೆ ಬಾಗಿ, ಮೂಳೆಯ ಕೆಳಗಿದ್ದ ಮೆತ್ತೆ ಮುಂದೆ ಸರಿದುಬಿಡುತ್ತದೆ. ಮೂಳೆ ನೇರ ಚರ್ಮದ ಮೇಲೆ ಕೂರುತ್ತದೆ.

ಡ್ರೆಸಿಂಗ್‌ಗೆ ನಡೆದು ಬರುವುದು

ಈಗ ವಾಡಿಕೆಯ ಚಿಕಿತ್ಸೆಯನ್ನು ಈ ಬೆಳಕಿನಲ್ಲಿ ನೋಡಿ. ರೋಗಿಗೆ ಮಾತ್ರೆ, ಮುಲಾಮು ಕೊಟ್ಟು "ದಿನ ಬಿಟ್ಟು ದಿನ ಡ್ರೆಸಿಂಗ್‌ಗೆ ಬನ್ನಿ" ಎನ್ನುತ್ತಾರೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅರಸೀಕೆರೆಯಿಂದಲೂ ಬೇಲೂರಿನಿಂದಲೂ ಅಲ್ಲಿಗೆ ಸುಮಾರು 40 ಕಿಲೋಮೀಟರ್. ತೋಟದ ಮನೆಯಿಂದ ರಸ್ತೆಗೆ, ಬಸ್ಸಿನಲ್ಲಿ ನಿಂತು, ನಿಲ್ದಾಣದಿಂದ ಆಸ್ಪತ್ರೆಗೆ, ಅಲ್ಲಿ ಸಾಲಿನಲ್ಲಿ, ಮತ್ತೆ ಹಿಂದಕ್ಕೆ. ಒಂದು ಭೇಟಿಗೆ 6000 ಹೆಜ್ಜೆಯಾಯಿತೆನ್ನಿ. ಹುಣ್ಣಿರುವ ಪಾದದ ಪಾಲಿಗೆ 3000. ಹತ್ತು ನಿಮಿಷದ ಡ್ರೆಸಿಂಗ್‌ಗಾಗಿ ಹುಣ್ಣಿನ ಮೇಲೆ 3000 ಪೆಟ್ಟು. ಎಳೆಯ ಅಂಗಾಂಶ ಚಿಗುರಿದಷ್ಟೂ ಚಿವುಟಿದಂತೆ. ಇದರಲ್ಲಿ ರೋಗಿಯ ತಪ್ಪಿಲ್ಲ, ಡ್ರೆಸಿಂಗ್ ಮಾಡುವ ದಾದಿಯ ತಪ್ಪೂ ಇಲ್ಲ. ಒತ್ತಡ ಎಂಬ ಪದ ಅವರಿಬ್ಬರ ನಡುವಿನ ಮಾತಿನಲ್ಲಿ ಬರುವುದೇ ಇಲ್ಲ, ಅದೇ ಕೊರತೆ.

"ದಿನವೂ ನಡೆಯಿರಿ" ಎಂಬ ಒಳ್ಳೆಯ ಸಲಹೆಯೂ ಇಲ್ಲಿ ಅಡ್ಡಬರುತ್ತದೆ. ಮಧುಮೇಹಿಗಳಿಗೆ ನಡಿಗೆ ಒಳ್ಳೆಯದು, ಅಂಗಾಲಿನಲ್ಲಿ ಹುಣ್ಣಿಲ್ಲದಿದ್ದಾಗ. ಹುಣ್ಣಿರುವಷ್ಟು ದಿನ ವ್ಯಾಯಾಮ ಬೇರೆ ಬಗೆಯದಾಗಬೇಕು. ಈ ವಿನಾಯಿತಿಯನ್ನು ಭಿತ್ತಿಪತ್ರಗಳು ಹೇಳುವುದಿಲ್ಲ.

ಪೂರ್ತಿ ಅಂಟುವ ಪ್ಲಾಸ್ಟರ್ ಕವಚ ಮೂರು ಕೆಲಸ ಮಾಡುತ್ತದೆ. ಭಾರವನ್ನು ಇಡೀ ಅಂಗಾಲಿಗೆ ಹಂಚುತ್ತದೆ. ಅದರ ಒಂದು ಪಾಲನ್ನು ಮೀನಖಂಡದ ಸುತ್ತಲಿನ ಗೋಡೆಗೆ ದಾಟಿಸುತ್ತದೆ. ಕಣಕಾಲು ಅಲುಗದಂತೆ ಹಿಡಿದು, ಮುಂಗಾಲಿನಿಂದ ನೂಕುವುದನ್ನು ತಪ್ಪಿಸುತ್ತದೆ. ನಾಲ್ಕನೆಯ ಗುಣ ಮನುಷ್ಯಸ್ವಭಾವಕ್ಕೆ ಸೇರಿದ್ದು: ಅದನ್ನು ಬಿಚ್ಚಲಾಗದು. 2001ರಲ್ಲಿ ಪ್ರಕಟವಾದ 63 ಮಂದಿಯ ಅಧ್ಯಯನದಲ್ಲಿ 12 ವಾರಗಳಲ್ಲಿ ಕವಚದವರಲ್ಲಿ ಶೇಕಡಾ 89.5, ಬಿಚ್ಚಬಹುದಾದ ಬೂಟಿನವರಲ್ಲಿ 65, ಅರ್ಧ ಷೂನವರಲ್ಲಿ 58.3 ಮಂದಿಗೆ ಹುಣ್ಣು ಮಾಯಿತು. ಬಿಚ್ಚಬಹುದಾದ ಬೂಟು ಹಿಂದೆ ಬಿದ್ದದ್ದೇಕೆ? 2003ರ ಇನ್ನೊಂದು ಅಧ್ಯಯನದಲ್ಲಿ ರೋಗಿಗಳ ಬೂಟಿಗೂ ಸೊಂಟಕ್ಕೂ ಚಟುವಟಿಕೆ ಅಳೆಯುವ ಸಾಧನ ಇಟ್ಟು ನೋಡಿದರು. ದಿನದ ಚಟುವಟಿಕೆಯಲ್ಲಿ ಬೂಟು ಕಾಲಿನಲ್ಲಿದ್ದದ್ದು ಶೇಕಡಾ 28ರಷ್ಟು ಮಾತ್ರ! ನೋವಿಲ್ಲದವರಿಗೆ ಬೂಟು ತೊಡಬೇಕೆಂದು ನೆನಪಿಸುವವರು ಯಾರು? ಮಧುಮೇಹಿಗಳ ಪಾದದ ಕುರಿತ ಅಂತರರಾಷ್ಟ್ರೀಯ ಕಾರ್ಯತಂಡದ 2023ರ ಮಾರ್ಗಸೂಚಿಯೂ ಮುಂಗಾಲು, ನಡುಗಾಲಿನ ನರಹಾನಿಯ ಹುಣ್ಣಿಗೆ ಮಂಡಿಯವರೆಗಿನ, ಬಿಚ್ಚಲಾಗದ ಸಾಧನವನ್ನೇ ಮೊದಲ ಆಯ್ಕೆಯಾಗಿ ಸೂಚಿಸುತ್ತದೆ.

ಒತ್ತಡವೇ ಎಲ್ಲವೂ ಅಲ್ಲ

ಇಷ್ಟು ಹೇಳಿದ ಮೇಲೆ, ಒಂದು ಅರೆಸತ್ಯದ ಜಾಗದಲ್ಲಿ ಇನ್ನೊಂದನ್ನು ಕೂರಿಸಬಾರದು. ಎಲ್ಲ ಹುಣ್ಣಿಗೂ ಪ್ಲಾಸ್ಟರ್ ಮದ್ದಲ್ಲ; ಕೆಲವಕ್ಕೆ ಅದು ಅಪಾಯ.

ಮೊದಲನೆಯದು ರಕ್ತದ ಹರಿವು. ಕೊಳವೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬ ಪಾಯ್ಸೆಲಿ ನಿಯಮ ನಿಮಗೆ ಗೊತ್ತು. ನಾಳದ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ದೇಹದ ನಾಳಗಳು ಗಾಜಿನ ಕೊಳವೆಗಳಲ್ಲವಾದ್ದರಿಂದ ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಆದರೆ ದಿಕ್ಕು ಅದೇ. ಮಧುಮೇಹ, ಬೀಡಿ-ಸಿಗರೇಟು ಎರಡೂ ಕಾಲಿನ ಅಪಧಮನಿಗಳನ್ನು ಕಿರಿದಾಗಿಸುತ್ತವೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದರೆ ಆರೋಗ್ಯವಂತರಲ್ಲಿ 1 ಅಥವಾ ತುಸು ಹೆಚ್ಚು ಬರುತ್ತದೆ; 0.9ಕ್ಕಿಂತ ಕಡಿಮೆಯಾದರೆ ನಾಳ ಕಿರಿದಾಗಿದೆ ಎಂದರ್ಥ. ಇಲ್ಲೂ ಒಂದು ಮೋಸವಿದೆ. ಎಷ್ಟೋ ಮಧುಮೇಹಿಗಳಲ್ಲಿ ಅಪಧಮನಿಯ ಗೋಡೆಗೆ ಕ್ಯಾಲ್ಸಿಯಂ ಸೇರಿ ಅದು ಗಟ್ಟಿಯಾಗಿರುತ್ತದೆ. ಪಟ್ಟಿ ಬಿಗಿದರೂ ನಾಳ ಅದುಮುವುದಿಲ್ಲ, ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಆಗ ಹೆಬ್ಬೆರಳಿನ ರಕ್ತದೊತ್ತಡ ಅಳೆಯಬೇಕು. ರಕ್ತವೇ ತಲುಪದ ಹುಣ್ಣಿಗೆ ನಾಳ ತೆರೆಸುವ ಚಿಕಿತ್ಸೆ ಮೊದಲು, ಉಳಿದದ್ದು ಆಮೇಲೆ. ಬೆರಳು ಕಪ್ಪಾಗುವುದು ಅಂಗಾಂಶ ಸತ್ತಿರುವ ಗುರುತು. ಅಲ್ಲಿ ಕಾಯುವ ಮಾತೇ ಇಲ್ಲ.

ಎರಡನೆಯದು ಸೋಂಕು. ಹುಣ್ಣಿನ ಸುತ್ತ ಕೆಂಪು, ಬಿಸಿ, ಊತ ಹರಡುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಇದ್ದರೆ, ಜ್ವರ ಬಂದರೆ ಅದು ತುರ್ತು. ಸೋಂಕು ಮೂಳೆಗೆ ಇಳಿದಿರಬಹುದು. ಸತ್ತ ಅಂಗಾಂಶದಲ್ಲಿ ರಕ್ತವಿಲ್ಲ. ರಕ್ತವಿಲ್ಲದ ಕಡೆಗೆ ಮಾತ್ರೆಯ ಔಷಧವೂ ತಲುಪುವುದಿಲ್ಲ. ಅದನ್ನು ಶಸ್ತ್ರವೈದ್ಯರು ತೆಗೆಯಲೇಬೇಕು.

ಅಂದರೆ ಹುಣ್ಣಿನ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ರಕ್ತ ತಲುಪುತ್ತಿದೆಯೇ? ಸೋಂಕು ಇದೆಯೇ? ಭಾರ ಇಳಿಸಿದ್ದೇವೆಯೇ? ಸಕ್ಕರೆ ಹತೋಟಿಯಲ್ಲಿದೆಯೇ? ನಮ್ಮ ಪ್ರಚಾರ ಎರಡನೆಯದನ್ನೂ ನಾಲ್ಕನೆಯದನ್ನೂ ಚೆನ್ನಾಗಿ ಕಲಿಸಿದೆ. ಮೊದಲನೆಯದನ್ನು ಅಷ್ಟಿಷ್ಟು. ಮೂರನೆಯದನ್ನು ಕಲಿಸಿಯೇ ಇಲ್ಲ ಎನ್ನಬಹುದು.

ಬಿಸಿಗಲ್ಲಿನ ಮೇಲೆ

ನೋವಿಲ್ಲದ ಪಾದಕ್ಕೆ ಇನ್ನೊಂದು ಅಪಾಯ ಬಿಸಿ. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೋಡಬರುವವರು ಬರಿಗಾಲಲ್ಲಿ, ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಸುತ್ತುತ್ತಾರೆ.

ಎರಡು ವಸ್ತುಗಳು ತಾಗಿದಾಗ ತಾಗಿದ ಮೇಲ್ಮೈಯ ಉಷ್ಣತೆ ಎಷ್ಟಾಗುತ್ತದೆ? ಪ್ರತಿ ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟ ಉಷ್ಣ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಆ ಸಂಖ್ಯೆಯನ್ನು 'ತೂಕ'ವಾಗಿ ಹಿಡಿದು ಎರಡೂ ಉಷ್ಣತೆಗಳ ಸರಾಸರಿ ತೆಗೆದರೆ ಉತ್ತರ ಸಿಗುತ್ತದೆ. ಕಲ್ಲಿನ ಈ ಸಂಖ್ಯೆ ಚರ್ಮದ್ದಕ್ಕಿಂತ ಸುಮಾರು ಎರಡು ಪಟ್ಟು. ಹೊಯ್ಸಳ ಗುಡಿಗಳ ಬಳಪದ ಕಲ್ಲಿನದು ಇನ್ನೂ ತುಸು ಹೆಚ್ಚು. ಅದರ ಪಾತ್ರೆಯಲ್ಲಿ ಸಾರು ಒಲೆಯಿಂದ ಇಳಿಸಿದ ಮೇಲೂ ಕುದಿಯುವುದನ್ನು ನೀವು ನೋಡಿರಬಹುದು. ಹಾಸುಗಲ್ಲು 55 ಡಿಗ್ರಿ ಸೆಲ್ಸಿಯಸ್, ಅಂಗಾಲಿನ ಚರ್ಮ 33 ಡಿಗ್ರಿ ಎಂದಿಟ್ಟುಕೊಳ್ಳಿ. ಎರಡು ಪಾಲು 55, ಒಂದು ಪಾಲು 33; ಸರಾಸರಿ ಸುಮಾರು 48 ಡಿಗ್ರಿ.

48 ಡಿಗ್ರಿ ಹೆಚ್ಚೇ? 1947ರಲ್ಲಿ ಪ್ರಕಟವಾದ ಮಾರಿಟ್ಜ್ ಮತ್ತು ಹೆನ್ರಿಕ್ಸ್ ಅವರ ಪ್ರಯೋಗಗಳಂತೆ ಚರ್ಮ 44 ಡಿಗ್ರಿಯಲ್ಲಿ ಸುಡಲು ಸುಮಾರು 6 ಗಂಟೆ ಬೇಕು. 49 ಡಿಗ್ರಿಯಲ್ಲಿ ಸುಮಾರು 10 ನಿಮಿಷ. 60 ಡಿಗ್ರಿಯಲ್ಲಿ 5 ಸೆಕೆಂಡು. ಅಂಗಾಲಿನ ಚರ್ಮ ದಪ್ಪ, ಹೆಜ್ಜೆ ಎತ್ತಿ ಎತ್ತಿ ಇಡುತ್ತೇವೆ. ಆದ್ದರಿಂದ ತುಸು ಬಿಡುವು ಸಿಗುತ್ತದೆ. ನೋವು ತಿಳಿಯುವವರು ನಾಲ್ಕು ಹೆಜ್ಜೆಗೇ ನೆರಳಿಗೆ ಓಡುತ್ತಾರೆ. ನೋವು ತಿಳಿಯದವರು ಮಾರ್ಗದರ್ಶಿಯ ಮಾತು ಕೇಳುತ್ತ ನಿಧಾನವಾಗಿ ನಿಂತಿರುತ್ತಾರೆ. ಬೊಬ್ಬೆ ಕಾಣುವುದು ಸಂಜೆ ಮನೆಯಲ್ಲಿ.

ಇದಕ್ಕೆ ಸಂಪ್ರದಾಯದ ಮೇಲೆ ಹರಿಹಾಯಬೇಕಿಲ್ಲ. ಬೆಳಗ್ಗೆ ಹೋಗಿ, ದಪ್ಪ ಕಾಲುಚೀಲ ತೊಡಿ. ಅರಸೀಕೆರೆ ಸೀಮೆಯಲ್ಲಿ ತೆಂಗಿನ ನಾರಿಗೆ ಬರವಿಲ್ಲ. ಗಾಳಿ ತುಂಬಿದ ನಾರಿನ ಚಾಪೆಯ ಆ ಸಂಖ್ಯೆ ಚರ್ಮದ ಹತ್ತನೇ ಒಂದರಷ್ಟು ಎಂದು ಹಿಡಿದರೆ, ಚಾಪೆ 55 ಡಿಗ್ರಿಗೆ ಕಾದರೂ ತಾಗಿದ ಚರ್ಮ 35 ಡಿಗ್ರಿಯಲ್ಲಿ ಉಳಿಯುತ್ತದೆ. ಸುತ್ತುವ ದಾರಿಗೆ ನಾರಿನ ಹಾಸು ಹಾಸುವುದು ವೈದ್ಯಕೀಯ ಮುನ್ನೆಚ್ಚರಿಕೆಯೂ ಹೌದು.

ಹತ್ತು ಗ್ರಾಮಿನ ಎಳೆ

ಪಾದಕ್ಕೆ ಸಂವೇದನೆ ಇದೆಯೇ ಎಂದು ತಿಳಿಯುವ ಉಪಕರಣ ಒಂದು ನೈಲಾನ್ ಎಳೆ. ಅದನ್ನು ಪಾದಕ್ಕೆ ನೇರವಾಗಿ ಒತ್ತಿದರೆ ಬಲ 10 ಗ್ರಾಂ ತೂಕಕ್ಕೆ ಮುಟ್ಟಿದಾಗ ಎಳೆ ಬಳುಕುತ್ತದೆ. ಇನ್ನೆಷ್ಟು ಒತ್ತಿದರೂ ಬಲ ಹೆಚ್ಚುವುದಿಲ್ಲ. ಕಂಬ ಬಳುಕುವ ಆಯ್ಲರ್ ಸೂತ್ರವೇ ಇದರ ತತ್ವ: ಬಳುಕುವ ಬಲ ಎಳೆಯ ವ್ಯಾಸದ ನಾಲ್ಕನೇ ಘಾತಕ್ಕೆ ನೇರ ಅನುಪಾತದಲ್ಲಿ, ಉದ್ದದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಮೀನಿನ ಗಾಳದ ನೈಲಾನ್ ದಾರ ಮತ್ತು ಪ್ರಯೋಗಾಲಯದ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲೇ ಅಳೆಯಬಹುದು. ಉದ್ದ ಅರ್ಧ ಮಾಡಿದರೆ ಬಲ ನಾಲ್ಕು ಪಟ್ಟಾಗುತ್ತದೆಯೇ, ನೋಡಿ. (ಇದು ಪ್ರಯೋಗಕ್ಕೆ ಮಾತ್ರ, ರೋಗ ಪರೀಕ್ಷೆಗೆ ಅಳತೆಮಾಡಿದ ಎಳೆಯೇ ಬೇಕು.)

ಮನೆಯಲ್ಲಿ ಎಳೆಯೂ ಬೇಡ. ಕಣ್ಣು ಮುಚ್ಚಿಸಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಬೆರಳಿನಿಂದ ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿ. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಉಷ್ಣತೆಯೂ ಸುಳಿವು ಕೊಡುತ್ತದೆ. ಎರಡೂ ಪಾದಗಳ ಒಂದೇ ಜಾಗದಲ್ಲಿ 2.2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ಬಿಸಿಯಾದ ಕಡೆ ಒಳಗೆ ಜಜ್ಜುತ್ತಿರಬಹುದು; ಹುಣ್ಣು ಬಾಯಿಬಿಡುವ ಮೊದಲಿನ ಎಚ್ಚರಿಕೆ ಇದು. 2020ರ ಕೋವಿಡ್ ಕಾಲದಲ್ಲಿ ಕೊಂಡ ಅವಕೆಂಪು ಉಷ್ಣತಾಮಾಪಕಗಳು ಎಷ್ಟೋ ಶಾಲೆಗಳ ಕಪಾಟಿನಲ್ಲಿವೆ. 'ಮೇಲ್ಮೈ' ಕ್ರಮಕ್ಕೆ ತಿರುಗಿಸಿಕೊಂಡು ಎರಡು ಪಾದಗಳನ್ನು ಹೋಲಿಸುವುದನ್ನು ಕಲಿಸಬಹುದು.

ಒಳ್ಳೆಯದೆಂದು ಮಾಡುವ ಕೆಡುಕು

ಜಾತ್ರೆಯಲ್ಲಿ ಮಾರುವ, ಗುಬಟುಗಳಿರುವ ಆಕ್ಯುಪ್ರೆಶರ್ ಚಪ್ಪಲಿ ನೋಡಿ. ಜೋಮು ಹಿಡಿದ ಕಾಲಿಗೆ ಒಳ್ಳೆಯದೆಂದು ಕೊಳ್ಳುವವರು ಬಹಳ. ಸಂಪರ್ಕ ವಿಸ್ತೀರ್ಣ ತಗ್ಗಿಸಿ ಒತ್ತಡ ಹೆಚ್ಚಿಸುವುದೇ ಅದರ ರಚನೆ. ನರಹಾನಿಯ ಪಾದಕ್ಕೆ ಇದಕ್ಕಿಂತ ಕೆಟ್ಟ ಚಪ್ಪಲಿಯನ್ನು ಊಹಿಸುವುದು ಕಷ್ಟ. ಜೋಮಿಗೆ ಬಿಸಿನೀರಿನಲ್ಲಿ ಕಾಲಿಡುವುದು, ಜಡ್ಡನ್ನು ಬ್ಲೇಡಿನಿಂದ ಕೊಯ್ಯುವುದು, ಆಣಿಗೆ ಆಮ್ಲದ ಪಟ್ಟಿ ಅಂಟಿಸುವುದು, ಇವೆಲ್ಲ ನೋವಿರುವ ಕಾಲಿಗೆ ರೂಢಿಯಾದ ಉಪಾಯಗಳು. ನೋವಿಲ್ಲದ ಕಾಲಿನಲ್ಲಿ 'ಸಾಕು' ಎನ್ನುವವರಿಲ್ಲ.

ಸರಿಯಾದ ಚಪ್ಪಲಿ ನಮ್ಮಲ್ಲೇ ರೂಪುಗೊಂಡದ್ದು. ಕುಷ್ಠರೋಗಿಗಳಿಗಾಗಿ ದಕ್ಷಿಣ ಭಾರತದಲ್ಲಿ ರೂಢಿಗೆ ಬಂದ, ಸಣ್ಣ ಗಾಳಿಗುಳ್ಳೆಗಳ ಮೈಕ್ರೊಸೆಲ್ಯುಲರ್ ರಬ್ಬರಿನ ಚಪ್ಪಲಿ ಅದು. ಮೇಲೆ ಮೆತ್ತಗಿನ ರಬ್ಬರು, ಕೆಳಗೆ ಮುಳ್ಳು ಇಳಿಯದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ಹಿಂಪಟ್ಟಿ ಏಕೆಂದರೆ, ಸಂವೇದನೆ ಇಲ್ಲದವರ ಪಾದದಿಂದ ಹವಾಯಿ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. 'ಅದು ಕುಷ್ಠದವರ ಚಪ್ಪಲಿ' ಎಂಬ ಹಿಂಜರಿಕೆಯಿಂದ ಅದನ್ನು ತೊಡದವರಿದ್ದಾರೆ. ಈ ಹಿಂಜರಿಕೆ ಹೋಗಲಾಡಿಸುವುದು ಅಧ್ಯಾಪಕರ ಕೆಲಸವೂ ಹೌದು. ಹುಣ್ಣು ಮಾಯ್ದ ಮೇಲೆಯೂ ಈ ಚಪ್ಪಲಿ ಬೇಕು. ಮಾಯ್ದ ಹುಣ್ಣುಗಳಲ್ಲಿ ಶೇಕಡಾ 40ರಷ್ಟು ಒಂದೇ ವರ್ಷದಲ್ಲಿ ಮರುಕಳಿಸುತ್ತವೆ, ಏಕೆಂದರೆ ಮೂಳೆ, ನರ, ನಡಿಗೆ ಮೂರೂ ಮೊದಲಿನಂತೆಯೇ ಇರುತ್ತವೆ.

ಪಾಠ ಹೇಗಿರಬೇಕು?

ನನ್ನ ಸಲಹೆ ಇಷ್ಟು. "ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಮಾಯುವುದಿಲ್ಲ" ಎಂಬ ವಾಕ್ಯವನ್ನು ತರಗತಿಯಿಂದಲೂ ಭಿತ್ತಿಪತ್ರದಿಂದಲೂ ತೆಗೆಯೋಣ. ಅದು ರೋಗಿಗೆ ಭಯ ಕೊಡುತ್ತದೆ, ಇಲ್ಲವೇ ಕೈಚೆಲ್ಲಿ ಕೂರಿಸುತ್ತದೆ. ಏನು ಮಾಡಬೇಕೆಂದು ಹೇಳುವುದಿಲ್ಲ. ಅದರ ಜಾಗದಲ್ಲಿ ಹೀಗೆ ಬರೆಯೋಣ: "ನೋವಿಲ್ಲದ ಪಾದದ ಹುಣ್ಣು ಭಾರ ಇಳಿಸಿದರೆ ಮಾಯುತ್ತದೆ, ರಕ್ತದ ಹರಿವು ಮತ್ತು ಸೋಂಕನ್ನು ಮೊದಲು ಪರೀಕ್ಷಿಸಿಕೊಳ್ಳಿ."

ಒತ್ತಡದ ಪಾಠ ಮಾಡುವಾಗ ಮೊಳೆ, ಒಂಟೆಗಳ ಜೊತೆಗೆ ಒಂದು ಚೌಕಳಿ ಹಾಳೆಯನ್ನೂ ತನ್ನಿ. ಒದ್ದೆ ಪಾದದ ಗುರುತು ಮೂಡಿಸಿ, ಚೌಕಗಳನ್ನು ಎಣಿಸಿ, ಪ್ರತಿ ವಿದ್ಯಾರ್ಥಿಯೂ ತನ್ನ ಪಾದದ ಒತ್ತಡವನ್ನು ಲೆಕ್ಕ ಹಾಕಲಿ. ಆಮೇಲೆ ಮನೆಯಲ್ಲಿ ಅಜ್ಜಿಯ ಅಂಗಾಲನ್ನು ನೋಡಿ ಬರಲು ಹೇಳಿ: ಜಡ್ಡು ಎಲ್ಲಿದೆ, ಬಿರುಕು ಎಲ್ಲಿದೆ, ಬೆರಳು ಮುಟ್ಟಿದರೆ ತಿಳಿಯುತ್ತದೆಯೇ? ಚಪ್ಪಲಿಯೊಳಗೆ ಕೈಹಾಕಿ ಹರಳು, ಮೊಳೆ ಇದೆಯೇ ನೋಡಿ ಆಮೇಲೆ ಕೊಡಲು ಹೇಳಿ. ತನ್ನ ಅಂಗಾಲನ್ನು ತಾನೇ ಬಗ್ಗಿ ನೋಡಲಾಗದ ವಯಸ್ಸಿನವರಿಗೆ ಮೊಮ್ಮಗುವಿನ ಆ ಎರಡು ನಿಮಿಷದ ನೋಟದಿಂದ ಒಂದು ಕಾಲು ಉಳಿಯಬಹುದು.